ಸಿಗ್ನಲ್‌ನಲ್ಲಿ ನಿಂತರೆ ಕಾರು ಅದುರುತ್ತೆ, ಚೆಕ್ ಎಂಜಿನ್ ಲೈಟ್ ಬರುತ್ತೆ. ಓಡುವಾಗ ಚೆನ್ನಾಗೇ ಇರುತ್ತೆ. ಆಕ್ಸಿಜನ್ ಸೆನ್ಸರ್ ಮೊದಲೋ ಥ್ರಾಟಲ್ ಬಾಡಿ ಮೊದಲೋ? ಇಲ್ಲ, ಬ್ಯಾಟರಿ ಟರ್ಮಿನಲ್ ತೆಗೆದು ಹಾಕಿದರೆ ಸಾಕಾ?

ಸಾಕಾಗಲ್ಲ. ದಯವಿಟ್ಟು ಆ ಟರ್ಮಿನಲ್ ಮುಟ್ಟಬೇಡಿ.

ನೀವು ಬರೆದದ್ದು ಓದುತ್ತಿದ್ದ ಹಾಗೆ 2019ರ ಮಳೆಗಾಲ ಕಣ್ಣ ಮುಂದೆ ಬಂತು. ನಿಂತಾಗ ಅದುರುವ ಗಾಡಿ, ಹಳದಿ ಲೈಟ್, ಒಬ್ಬ ಮೆಕ್ಯಾನಿಕ್ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ನೋಡುವುದು) ಹಾಕಿಸಿ ಅಂದರೆ ಇನ್ನೊಬ್ಬ ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಕ್ಲೀನ್ ಮಾಡಿಸಿ ಅನ್ನುವುದು. ಎಲ್ಲವೂ ನನಗೆ ಆದದ್ದೇ. ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಮೇಷ್ಟ್ರು. ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್, ಆಗ 71,000 ಕಿಲೋಮೀಟರ್ ಓಡಿತ್ತು.

ಜೂನ್‌ನಲ್ಲಿ ಶುರುವಾಯಿತು. ಐಡ್ಲಿಂಗ್‌ನಲ್ಲಿ 800ರ ಹತ್ತಿರ ಅಲ್ಲಾಡದೆ ನಿಲ್ಲಬೇಕಾದ ಆರ್‌ಪಿಎಂ ಮುಳ್ಳು 600ಕ್ಕೆ ಇಳಿದು ಮತ್ತೆ ಏರುತ್ತಿತ್ತು. ಗೇರ್ ಲಿವರ್ ನಡುಗುತ್ತಿತ್ತು. ಬಾಟಲಿಯ ನೀರಿನಲ್ಲಿ ಉಂಗುರ ಏಳುತ್ತಿತ್ತು. ಸ್ಟಾಫ್ ರೂಮಿನಲ್ಲಿ ಹೇಳಿದಾಗ ಒಬ್ಬರು, "ಮೇಷ್ಟ್ರೇ, ಬ್ಯಾಟರಿ ಮೈನಸ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ, ಕಂಪ್ಯೂಟರ್ ರೀಸೆಟ್ ಆಗುತ್ತೆ" ಅಂದರು. ಸಂಜೆಯೇ ಹಾಗೆ ಮಾಡಿದೆ. ಲೈಟ್ ಹೋಯಿತು. ಎಷ್ಟು ಖುಷಿಯಾಯಿತು ಅಂದರೆ ಮನೆಯವರನ್ನೂ ಕರೆದು ತೋರಿಸಿದೆ.

ಮೂರು ದಿನ ಬಿಟ್ಟು ಮತ್ತೆ ಬಂತು. ಮತ್ತೆ ತೆಗೆದೆ. ಆಮೇಲೆ ಗ್ಲೋವ್ ಬಾಕ್ಸಿನಲ್ಲೇ ಒಂದು 10ರ ಸ್ಪ್ಯಾನರ್ ಇಟ್ಟುಕೊಂಡೆ. ಆರು ವಾರದಲ್ಲಿ ಏಳು ಸಲ ಟರ್ಮಿನಲ್ ತೆಗೆದಿದ್ದೇನೆ.

ನನ್ನ ತಪ್ಪು ಇದೇ. ನೀವೂ ಅಲ್ಲೇ ನಿಂತಿದ್ದೀರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆ ಲೈಟ್ ಬಂದಿದೆ ಅಂದರೆ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ತನ್ನೊಳಗೆ ದೋಷದ ಒಂದು ಕೋಡ್ ಬರೆದಿಟ್ಟಿದೆ ಅಂತ ಅರ್ಥ. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಇನ್ನೊಂದು ಇರುತ್ತೆ. ತೊಂದರೆ ಆದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಗಾಡಿ ಎಷ್ಟು ವೇಗದಲ್ಲಿತ್ತು, ಕೂಲಂಟ್ ಎಷ್ಟು ಬಿಸಿಯಾಗಿತ್ತು, ಎಂಜಿನ್ ಮೇಲೆ ಎಷ್ಟು ಲೋಡ್ ಇತ್ತು, ಎಲ್ಲವನ್ನೂ ಫೋಟೋ ಹಿಡಿದ ಹಾಗೆ ಇಟ್ಟುಕೊಂಡಿರುತ್ತೆ. ನನ್ನಂಥ ಗಾಡಿಯಲ್ಲಿ ಟರ್ಮಿನಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಅದಷ್ಟೂ ಅಳಿಸಿ ಹೋಗುತ್ತೆ. ಗಾಡಿ ಪ್ರತಿ ಸಲ ತನಗೆ ಎಲ್ಲಿ ನೋವು ಅಂತ ಬರೆದುಕೊಟ್ಟ ಚೀಟಿಯನ್ನು ನಾನು ಓದದೇ ಹರಿದು ಹಾಕುತ್ತಿದ್ದೆ.

ಇನ್ನೊಂದು ವಿಷಯ ಆಗ ನನಗೆ ಗೊತ್ತೇ ಇರಲಿಲ್ಲ. ಸಾಮಾನ್ಯವಾಗಿ ಇಂಥ ದೋಷ ಒಂದೇ ಸಲ ಕಂಡರೆ ಇಸಿಯು ಲೈಟ್ ಹಾಕುವುದಿಲ್ಲ. ಇನ್ನೊಂದು ಓಡಾಟದಲ್ಲೂ ಅದೇ ಕಂಡರೆ ಮಾತ್ರ ಹಾಕುತ್ತೆ. ಅಂದರೆ ಆ ಮೂರು ದಿನ ಲೈಟ್ ಬರದೇ ಇದ್ದದ್ದು ಗಾಡಿ ವಾಸಿಯಾಗಿದ್ದಕ್ಕಲ್ಲ. ಅದು ಮೊದಲಿನಿಂದ ಲೆಕ್ಕ ಹಾಕುತ್ತಿತ್ತು, ಅಷ್ಟೇ. ಜೊತೆಗೆ ಪೆಟ್ರೋಲ್ ಎಷ್ಟು ಬಿಡಬೇಕು, ಐಡ್ಲಿಂಗ್‌ನಲ್ಲಿ ಥ್ರಾಟಲ್ ಎಷ್ಟು ತೆರೆದಿರಬೇಕು ಅಂತ ಇಸಿಯು ಕಲಿತಿಟ್ಟುಕೊಂಡದ್ದೂ ಅಳಿದು ಹೋಗುತ್ತೆ. ಮತ್ತೆ ಕಲಿಯುವವರೆಗೆ ಐಡ್ಲಿಂಗ್ ಬೇರೆಯದೇ ರೀತಿ ಕೆಡುತ್ತೆ. ನಾನು ಮೆಕ್ಯಾನಿಕ್ ಹತ್ತಿರ ಹೋದಾಗ ಅವರಿಗೆ ಕಂಡದ್ದು ಅಸಲಿ ತೊಂದರೆಯಲ್ಲ, ನಾನು ಮಾಡಿಟ್ಟ ತೊಂದರೆ. ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು. ಆಕ್ಸಿಜನ್ ಸೆನ್ಸರ್ ಬದಲಾಯಿಸಿದರು, 6,500 ರೂಪಾಯಿ. ಏನೂ ಸರಿಹೋಗಲಿಲ್ಲ.

ಆಗಸ್ಟ್‌ನಲ್ಲಿ ಉಡುಪಿಗೆ ಹೋಗಿ ವಾಪಸ್ ಬರುತ್ತಿದ್ದೆವು. ಹೆಬ್ರಿ ದಾಟಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಲು ಶುರು ಮಾಡಿದಾಗ ಲೈಟ್ ಮಿಣುಕತೊಡಗಿತು. ಯಾವತ್ತೂ ಹಾಗೆ ಆಗಿರಲಿಲ್ಲ. ವೈರ್ ಲೂಸ್ ಇರಬೇಕು ಅಂದುಕೊಂಡೆ. ಹಿಂದೆ ಇಬ್ಬರು ಮಕ್ಕಳು, ಜೋರು ಮಳೆ, ಆ ತಿರುವುಗಳಲ್ಲಿ ನಿಲ್ಲಿಸಲು ಧೈರ್ಯ ಬರಲಿಲ್ಲ. ಸೆಕೆಂಡ್ ಗೇರಿನಲ್ಲಿ ಒತ್ತಿ ಹತ್ತಿಸಿದೆ. ಮೇಲೆ ಬಂದಾಗ ಕೊಳೆತ ಮೊಟ್ಟೆಯಂಥ ವಾಸನೆ. ತೀರ್ಥಹಳ್ಳಿ ಹತ್ತಿರ ಬರುವಷ್ಟರಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ 50 ದಾಟುತ್ತಿರಲಿಲ್ಲ.

ಮಿಣುಕುವ ಲೈಟಿಗೂ ಸುಮ್ನೆ ಉರಿಯುವ ಲೈಟಿಗೂ ತುಂಬಾ ವ್ಯತ್ಯಾಸ ಇದೆ. ಒಂದೇ ಸಮನೆ ಉರಿದರೆ ಆದಷ್ಟು ಬೇಗ ತೋರಿಸಿ ಅಂತ. ಮಿಣುಕಿದರೆ ಸಿಲಿಂಡರ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗುತ್ತಿದೆ ಅಂತ. ಆ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತೆ. ಅಲ್ಲಿ ಜೇನುಗೂಡಿನಂಥ ಪಿಂಗಾಣಿ ಇರುತ್ತೆ, ಅದು ಕರಗಿ ದಾರಿ ಮುಚ್ಚಿಕೊಳ್ಳುತ್ತೆ. ಲೈಟ್ ಮಿಣುಕಿದರೆ ಆಕ್ಸಿಲರೇಟರ್ ಬಿಡಿ, ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ, ಗಾಡಿ ಎಳೆಸಿಕೊಂಡು ಹೋಗಿ.

ತೀರ್ಥಹಳ್ಳಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಮೊದಲು ಬಾನೆಟ್ ತೆಗೆಯಲೇ ಇಲ್ಲ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಹಾಕಿದರು. ಪಿ0303. ಮೂರನೇ ಸಿಲಿಂಡರ್ ಮಿಸ್‌ಫೈರ್. ಆಮೇಲೆ ಮೂರನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವುದು) ಬಿಚ್ಚಿ ಒಂದನೆಯದಕ್ಕೆ ಹಾಕಿದರು, ಒಂದನೆಯದನ್ನು ಮೂರಕ್ಕೆ. ಸ್ವಲ್ಪ ಹೊತ್ತು ಓಡಿಸಿ ನೋಡಿದರೆ ಪಿ0301. ಕಾಯಿಲ್ ಜೊತೆ ದೋಷವೂ ಜಾಗ ಬದಲಾಯಿಸಿತ್ತು. ಖರ್ಚಿಲ್ಲದ ಪರೀಕ್ಷೆ. ಕೋಡ್ ಮೂರರಲ್ಲೇ ಉಳಿದಿದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ನೋಡಬೇಕಿತ್ತು. ಕಾಯಿಲ್‌ನ ರಬ್ಬರ್ ಬೂಟನ್ನು ಟಾರ್ಚ್ ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಒಳಗಡೆ ಉದ್ದಕ್ಕೆ ಕೂದಲೆಳೆಯಷ್ಟು ಸಣ್ಣ ಗೆರೆ. ಕರೆಂಟ್ ಪ್ಲಗ್‌ಗೆ ಹೋಗುವ ಬದಲು ಆ ಗೆರೆಯಲ್ಲಿ ಹಾರಿ ಎಂಜಿನ್ನಿನ ಲೋಹಕ್ಕೆ ಹೋಗುತ್ತಿತ್ತು.

"ಮೊದಲ ದಿನವೇ ಗಾಡಿ ಇದನ್ನ ಹೇಳಿರ್ತದೆ ಮೇಷ್ಟ್ರೇ. ನೀವು ಅಳಿಸ್ತಾ ಹೋದ್ರಿ" ಅಂದರು.

ಕಾಯಿಲ್ 1,900 ರೂಪಾಯಿ. ಗಾಡಿ ತಣ್ಣಗಾದ ಮೇಲೆ ಕೆಳಗೆ ಹೋಗಿ ಕನ್ವರ್ಟರ್ ಮೇಲೆ ಕೈಯಿಂದ ತಟ್ಟಿದರು. ಡಬ್ಬಿಯಲ್ಲಿ ಹುರಿಗಡಲೆ ಅಲ್ಲಾಡಿಸಿದ ಸದ್ದು ಬಂತು. ಅದನ್ನು ಬದಲಾಯಿಸಲು ಒಟ್ಟು 38,000 ಆಯಿತು. ಆ ವರ್ಷ ಮಗಳಿಗೆ ಕೊಡಿಸಬೇಕಿದ್ದ ಲ್ಯಾಪ್‌ಟಾಪ್ ಮುಂದಕ್ಕೆ ಹೋಯಿತು. ಅದು ಈಗಲೂ ನನ್ನ ಮನಸ್ಸಿನಲ್ಲಿದೆ.

ನನ್ನ ಹಳೆಯ ಆಕ್ಸಿಜನ್ ಸೆನ್ಸರ್ ಕೂಡ ಸರಿಯಾಗೇ ಇತ್ತು. ಸಿಲಿಂಡರ್ ಉರಿಯದಿದ್ದಾಗ ಅದರ ಆಮ್ಲಜನಕ ಹಾಗೇ ಹೊರಗೆ ಬರುತ್ತೆ. ಸೆನ್ಸರ್ ಕಂಡದ್ದನ್ನು ಹೇಳುತ್ತಿತ್ತು. ಹಾಗಾಗಿ ಸೆನ್ಸರ್ ಮೊದಲೋ ಥ್ರಾಟಲ್ ಬಾಡಿ ಮೊದಲೋ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಎರಡೂ ಬೇಡ. ಮೊದಲು ಕೋಡ್ ಓದಿಸಿ. ಬ್ಲೂಟೂತ್‌ನ ಸಣ್ಣ ಓಬಿಡಿ ಅಡಾಪ್ಟರ್ (ಅದೇ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಹಾಕಿ ಕೋಡ್ ಓದುವುದು) ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಒಳಗೆ ಸಿಗುತ್ತೆ, ಮೊಬೈಲ್ ಆ್ಯಪ್ ಸಾಕು. ಕೋಡ್, ಫ್ರೀಜ್ ಫ್ರೇಮ್ ಎರಡರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಓದದೇ "ಇದೇ ಪಾರ್ಟ್" ಅನ್ನುವ ಗ್ಯಾರೇಜಿಗೆ ಹೋಗಲೇಬೇಡಿ.

ನಿಂತಾಗ ಮಾತ್ರ ಅದುರುತ್ತೆ, ಓಡುವಾಗ ಚೆನ್ನಾಗಿರುತ್ತೆ ಅಂತ ಬರೆದಿದ್ದೀರಿ ಅಲ್ವಾ? ಅದು ನನ್ನದಕ್ಕಿಂತ ಬೇರೆ ಅನ್ನಿಸುತ್ತೆ. ಎಲ್ಲೋ ರಬ್ಬರ್ ಹೋಸ್ ಸೀಳಿ ಗಾಳಿ ಒಳಗೆ ಹೋಗುತ್ತಿರಬಹುದು. ಆ್ಯಪ್‌ನಲ್ಲಿ ಫ್ಯುಯೆಲ್ ಟ್ರಿಮ್ ನೋಡಿ, ಅಂದರೆ ಇಸಿಯು ಪೆಟ್ರೋಲ್ ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ. ಶಾರ್ಟ್, ಲಾಂಗ್ ಎರಡನ್ನೂ ಕೂಡಿಸಿ. ಐಡ್ಲಿಂಗ್‌ನಲ್ಲಿ ಪ್ಲಸ್ 20ರ ಮೇಲಿದ್ದು, 2,500 ಆರ್‌ಪಿಎಂ ಹಿಡಿದಾಗ ಸೊನ್ನೆಯ ಹತ್ತಿರ ಇಳಿದರೆ ಬಹುತೇಕ ಅದೇ. ಬಾನೆಟ್ ತೆಗೆದು ಬುಸ್ ಅನ್ನುವ ಸದ್ದು ಎಲ್ಲಿಂದ ಅಂತ ಕಿವಿಗೊಡಿ. ಎಂಜಿನ್ ಒಳಗಿನ ಆವಿಯನ್ನು ಇಂಟೇಕ್ ಮ್ಯಾನಿಫೋಲ್ಡಿಗೆ (ಗಾಳಿ ಒಳಗೆ ಹೋಗುವ ಕೊಳವೆಗೆ) ಒಯ್ಯುವ ಪಿಸಿವಿ ಹೋಸ್ ಅಡಿಭಾಗ ಬೆರಳಿನಿಂದ ಮುಟ್ಟಿ ನೋಡಿ, ಎಂಜಿನ್ ತಣ್ಣಗಿದ್ದಾಗ. ಮೇಲಿಂದ ಚೆನ್ನಾಗಿ ಕಂಡರೂ ಕೆಳಗೆ ಸೀಳಿರುತ್ತೆ. ನಮ್ಮ ಕಡೆ ಇಲಿ ಕಚ್ಚಿದ್ದೂ ಜಾಸ್ತಿ. ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ ನೋಡು ಅಂತ ಯಾರಾದರೂ ಹೇಳುತ್ತಾರೆ, ಬಿಸಿ ಎಂಜಿನ್ ಮೇಲೆ ಅದು ಹೊತ್ತಿಕೊಳ್ಳಬಹುದು. ಮನೆಯಲ್ಲಿ ಬೇಡ. ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ ಮಾಡಿಸಿ, ಹೊಗೆ ಬಿಟ್ಟು ಎಲ್ಲಿ ಸೋರುತ್ತೆ ಅಂತ ನೋಡುತ್ತಾರೆ.

ಕೋಡ್ ನಂಬರ್, ಎರಡು ಆರ್‌ಪಿಎಂನಲ್ಲಿ ಟ್ರಿಮ್ ಎಷ್ಟು ಅಂತ ಇಲ್ಲೇ ಬರೆಯಿರಿ. ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ, ನೋಡಿ ಹೇಳುತ್ತೇನೆ.