ಅಣ್ಣ ಅಂತಿದ್ದೋನು ಈಗ ಸರ್ ಅಂತಾನೆ

ಪ್ರಶ್ನೆ: ನಂಗೆ 41 ವರ್ಷ, ಮೈಸೂರಿನ ಹೂಟಗಳ್ಳಿ ಕಡೆ ಒಂದು ಫ್ಯಾಕ್ಟರೀಲಿ ಶಿಫ್ಟ್ ಸೂಪರ್‌ವೈಸರ್. ಹೋದ ವರ್ಷದಿಂದ ಹಾಜರಿ, ಟಾರ್ಗೆಟ್, ವಾರ್ನಿಂಗ್ ಎಲ್ಲಾ ಸಾಫ್ಟ್‌ವೇರೇ ವಾಟ್ಸಾಪಲ್ಲಿ ಕಳ್ಸುತ್ತೆ, ಕೆಳಗೆ ನನ್ನ ಹೆಸರಿರುತ್ತೆ. ಪಾಂಡವಪುರದಿಂದ ಬರೋ ಹುಡುಗ ಒಬ್ಬ ಮೂರು ದಿನ ಲೇಟಾದ, ವಾರ್ನಿಂಗ್ ಹೋಯ್ತು. ಅವನ ತಾಯಿ ಕೆ.ಆರ್. ಆಸ್ಪತ್ರೇಲಿದ್ರು ಅಂತ ನಂಗೆ ಗೊತ್ತಾಗಿದ್ದೇ ಆಮೇಲೆ. ಒಂಬತ್ತು ವರ್ಷದಿಂದ ಅಣ್ಣ ಅಂತಿದ್ದೋನು ಈಗ ಸರ್ ಅಂತಾನೆ. ಏನ್ ಮಾಡ್ಲಿ?

ಉತ್ತರ: ಆ ‘ಸರ್’ ಓದಿ ನಂಗೇ ಹೊಟ್ಟೆ ಚುರುಕ್ ಅಂತು. ಅವನು ರಾತ್ರಿಯೆಲ್ಲ ವಾರ್ಡ್ ಹೊರಗೆ ಚಾಪೆ ಮೇಲೆ ಕಳ್ದು, ಬೆಳಿಗ್ಗೆ ಅಮ್ಮಂಗೆ ಗಂಜಿ ಕುಡ್ಸಿ, ಎದ್ನೋ ಬಿದ್ನೋ ಅಂತ ಓಡ್ಬಂದಿರ್ತಾನೆ, ಜೇಬಲ್ಲಿ ಫೋನ್ ಟಿಂಗ್ ಅನ್ನುತ್ತೆ, ತೆಗ್ದು ನೋಡಿದ್ರೆ ನಿಮ್ಮ ಹೆಸರು. ಅವನ ಪಾಲಿಗೆ ಅದನ್ನ ಕಳ್ಸಿದ್ದು ಅಣ್ಣಾನೇ.

ಹಾಜರಿ ಲೆಕ್ಕ ಮಷೀನೇ ಇಟ್ಕೊಳ್ಲಿ ಬಿಡಿ, ಪುಸ್ತಕದಲ್ಲಿ ಗೀಚೋ ಕಾಲದಲ್ಲಿ ಬೇಕಾದೋರಿಗೊಂದು ಬೇಡದೋರಿಗೊಂದು ನಡೀತಿತ್ತು. ಆದ್ರೆ ಮುಂಚೆ ನೀವು ಬೈಯಕ್ಕಾದ್ರೂ ಅವನ ಹತ್ರ ಹೋಗ್ತಿದ್ರಿ, ಹೋದಾಗ ಮುಖ ನೋಡ್ತಿದ್ರಿ, ‘ಯಾಕೋ ಸಪ್ಪಗಿದ್ದೀಯ’ ಅಂತ ಬಾಯಿಗೆ ಬರ್ತಿತ್ತು. ಬೈಯೋ ಕೆಲ್ಸ ಫೋನಿಗೆ ಹೋದಾಗ ವಿಚಾರ್ಸೋದೂ ಅದರ ಜೊತೇಲೇ ಹೊರಟೋಯ್ತು, ಯಾರೂ ಗಮನಿಸ್ಲಿಲ್ಲ.

ಟೊಯೋಟಾ ಕಾರ್ಖಾನೆಗಳಲ್ಲಿ ಆಂಡಾನ್ ಅಂತ ಒಂದು ಪದ್ಧತಿ ಇದೆ. ತೊಂದರೆ ಕಂಡ ಕೆಲಸಗಾರ ಹಗ್ಗ ಎಳೀತಾನೆ ಇಲ್ಲಾ ಬಟನ್ ಒತ್ತುತ್ತಾನೆ, ದೀಪ ಹತ್ತುತ್ತೆ, ಟೀಮ್ ಲೀಡರ್ ಅವನಿದ್ದಲ್ಲಿಗೇ ಬಂದು ಏನಾಯ್ತಪ್ಪ ಅಂತ ನೋಡ್ಬೇಕು. ಎಚ್‌ಆರ್ ಹತ್ರ ನೀವೂ ಇದನ್ನೇ ಕೇಳಿ, ಲೇಟ್ ಅಲರ್ಟ್ ಮೊದಲು ನಂಗೆ ಬರ್ಲಿ, ನಾನು ಮಾತಾಡ್ಸಿ ಓಕೆ ಒತ್ತಿದ ಮೇಲೇ ವಾರ್ನಿಂಗ್ ಹೋಗ್ಲಿ ಅಂತ. ಆಗಲ್ಲ ಅಂದ್ರೆ ಕೆಳಗಿರೋ ನನ್ನ ಹೆಸರು ತೆಗೀರಿ ಅನ್ನಿ. ಕೆಲಸಗಾರನ ಮಾತು ಕೇಳದೆ ಶಿಕ್ಷೆ ಕೊಡಬಾರದು ಅನ್ನೋದು 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ (ಕಾರ್ಖಾನೆ ಕೆಲಸದ ನಿಯಮಗಳ) ಕಾಯ್ದೆ ಕಾಲದಿಂದ ಬಂದಿರೋದು, ಎಚ್‌ಆರ್‌ನೋರಿಗೆ ಗೊತ್ತಿಲ್ದೇನಲ್ಲ.

ಇನ್ನು ಹುಡುಗ. ದಯವಿಟ್ಟು ಮೆಸೇಜ್ ಹಾಕ್ಬೇಡಿ, ನಾಳೆ ಟೀ ಬ್ರೇಕಲ್ಲಿ ಅವನ ಹತ್ರ ಹೋಗಿ. ‘ಅದು ಸಿಸ್ಟಮ್ ಕಳ್ಸಿದ್ದು ಕಣೋ’ ಅಂತ ಶುರು ಮಾಡಿದ್ರೆ ಜಾರ್ಕೊಂಡಂಗೆ ಕಾಣುತ್ತೆ. ಅಮ್ಮ ಹೇಗಿದಾರೆ ಅಂತ ಕೇಳಿ, ಅವನು ಹೇಳೋದನ್ನ ಪೂರ್ತಿ ಕೇಳ್ಸ್ಕೊಳಿ, ಆಮೇಲೆ ‘ನಾನು ವಿಚಾರಿಸ್ಬೇಕಿತ್ತು, ವಿಚಾರಿಸ್ಲಿಲ್ಲ, ತಪ್ಪಾಯ್ತು’ ಅನ್ನಿ. ವಾರ್ನಿಂಗ್ ವಾಪಸ್ ತಗೋಳಿ ಅಂತ ಎಚ್‌ಆರ್‌ಗೆ ನೀವೇ ಬರ್ದು ಅದರ ಕಾಪಿ ಅವನ ಕೈಗೆ ಕೊಡಿ. ಅವತ್ತೇ ಅಣ್ಣ ಅನ್ನದೇ ಇರಬಹುದು, ಅವಸರ ಮಾಡ್ಬೇಡಿ. ಅಮ್ಮ ಇನ್ನೂ ಆಸ್ಪತ್ರೇಲಿದ್ರೆ ಶಿಫ್ಟ್ ಮುಗಿಸ್ಕೊಂಡು ಅವನ್ನ ನಿಮ್ಮ ಗಾಡೀಲೇ ಕೂರಿಸ್ಕೊಂಡು ಹೋಗಿ, ಒಂದೈದು ನಿಮಿಷ ಮಾತಾಡ್ಸ್ಕೊಂಡು ಬನ್ನಿ.