ಕೈ ಎತ್ತಿದವಳು

ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಆಕೆಯನ್ನು ಸುಮಾ ಎನ್ನೋಣ. ಗಂಡ ಪಿಕಪ್ ಓಡಿಸುತ್ತಾನೆ, ಅತ್ತೆ ಜೊತೆಯಲ್ಲೇ ಇದ್ದಾರೆ, ನಾಲ್ಕು ವರ್ಷದ ಮಗ ಅಂಗನವಾಡಿಗೆ ಹೋಗುತ್ತಾನೆ. ಮಕ್ಕಳನ್ನು ಬೆಳೆಸುವ ಬಗ್ಗೆ ಅಲ್ಲಿ ನಾವು ನಡೆಸುತ್ತಿದ್ದ ತಾಯಂದಿರ ಸಭೆಗೆ ಮೊದಲ ದಿನ ಎಲ್ಲರಿಗಿಂತ ಮುಂಚೆ ಬಂದು ಕೂತವಳು ಇವಳೇ. ಆಮೇಲೆ ಪತ್ತೆ ಇಲ್ಲ. "ಅವ್ಳಿಗೆ ಆಸಕ್ತಿ ಇಲ್ಲ ಮೇಡಂ" ಎಂದರು ಟೀಚರ್. ನಾನೂ ಹಾಗೇ ಬರೆದುಕೊಂಡೆ.

ತಿಂಗಳ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಅಡಿಕೆ ಕರೆ ಹಿಡಿದು ಬೆರಳ ತುದಿಯೆಲ್ಲ ಕಪ್ಪು. "ಎಂತ ಸುಮಾ, ಕಾಣ್ತಾನೇ ಇಲ್ಲ?" ಅಂದೆ. ಸೆರಗಿನಲ್ಲಿ ಕೈ ಮುಚ್ಚಿಕೊಂಡು, "ಕೈ ಎತ್ಸಿದ್ರಲ್ಲ ಮೇಡಂ" ಅಂದಳು.

ಎತ್ತಿಸಿದ್ದು ಹೌದು. ಮೊದಲ ಸಭೆಯಲ್ಲಿ ಮಾತು ಶುರುವಾಗಲಿ ಎಂಬ ಉಮೇದಿನಲ್ಲಿ, ಈ ವಾರ ಮಕ್ಕಳಿಗೆ ಹೊಡೆದವರು ಯಾರು ಅಂತ ಕೇಳಿದ್ದೆ. ಹನ್ನೊಂದು ಜನರಲ್ಲಿ ಕೈ ಎತ್ತಿದ್ದು ಇವಳೊಬ್ಬಳೇ. ಕತ್ತಲಾಗುವುದರೊಳಗೆ ಸುದ್ದಿ ಅತ್ತೆಯ ಕಿವಿ ಮುಟ್ಟಿತ್ತು. ಊರೆದುರು ಮನೆ ಮರ್ಯಾದೆ ತೆಗೆದಳು ಎಂದು ರಂಪ. ಗಂಡ ಎರಡು ದಿನ ಮಾತು ಬಿಟ್ಟ. ನಿಜ ಹೇಳಿದವಳಿಗೆ ನಾನು ಕೊಡಿಸಿದ ಬಹುಮಾನ ಇದು. ಸಾಲದ್ದಕ್ಕೆ ಸಭೆ ಇಟ್ಟುಕೊಂಡದ್ದು ಅಡಿಕೆ ಗೊನೆ ಕೊಯ್ದು ಸುಲಿಯುವ ಕಾಲದಲ್ಲಿ, ಮಧ್ಯಾಹ್ನ ಮೂರಕ್ಕೆ. ಸುಲಿದಷ್ಟಕ್ಕೇ ಕೂಲಿ ಸಿಗುವಾಗ ಯಾರು ಬಂದಾರು?

ಮೊದಲು ಕ್ಷಮೆ ಕೇಳಿದೆ. ಆಮೇಲೆ ಅವಳೇ ಕೇಳಿದಳು: "ಹೊಡೀಬಾರ್ದು ಅಂತ ನಂಗೂ ಗೊತ್ತು. ಹೊಡೀದೆ ಎಂತ ಮಾಡದು ಹೇಳಿ."

ಹೊಡೆಯುವುದು ಯಾವ ಹೊತ್ತಿನಲ್ಲಿ ಎಂದು ನೋಡಿಕೊಳ್ಳಲು ಹೇಳಿದೆ. ವಾರ ಬಿಟ್ಟು ಬಂದಳು. ಏಟು ಬೀಳುತ್ತಿದ್ದುದೆಲ್ಲ ಸಂಜೆ ಆರೂವರೆಯಿಂದ ಏಳರೊಳಗೆ! ಏಳಕ್ಕೆ ಸುಲಿಯುವ ಮನೆಗೆ ಹೋಗಬೇಕು, ಹುಡುಗ ಅಜ್ಜಿ ಕೊಟ್ಟ ಮೊಬೈಲ್ ಬಿಡುವುದಿಲ್ಲ, ಅನ್ನ ತಣ್ಣಗಾಗುತ್ತದೆ. ಹಾಗಾಗಿ ದಿನವಿಡೀ ತಾಳ್ಮೆಯಿಂದಿರು ಎಂದು ಉಪದೇಶ ಮಾಡುವ ಅಗತ್ಯವೇ ಬರಲಿಲ್ಲ. ಆ ಅರ್ಧ ಗಂಟೆಯನ್ನು ಹಿಡಿದರೆ ಸಾಕಿತ್ತು. ಊಟ ಆರಕ್ಕೇ ಆಗಲಿ, ಅವನ ಕೈಯಲ್ಲೇ ತಿನ್ನಲಿ, ಚೆಲ್ಲಿದರೆ ಚೆಲ್ಲಲಿ. ಮೊಬೈಲ್ ಕಸಿಯಬೇಡ, 'ಇದೊಂದು ಮುಗಿದ ಮೇಲೆ ಅಜ್ಜಿಗೆ ಕೊಡು' ಎಂದು ಮೊದಲೇ ಹೇಳು. ಕೊಟ್ಟಾಗ 'ಭೇಷ್' ಅನ್ನು. ಕೈ ಎತ್ತುವಷ್ಟು ಸಿಟ್ಟು ಬಂದರೆ ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಾ.

ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅತ್ತೆಯ ಮುಂದೆ ನಾನದನ್ನು ಎತ್ತಲಿಲ್ಲ. "ಅಮ್ಮಾ, ನಿಮ್ ಕಾಲದಲ್ಲಿ ಸುಲಿಯೋವಾಗ ಮಕ್ಕಳನ್ನ ಹೆಂಗೆ ಕೂರಿಸ್ತಿದ್ರಿ?" ಎಂದು ಕೇಳಿದೆ. ಗೋಟಡಿಕೆಯಲ್ಲಿ ಗೋಲಿ ಆಡಿಸುತ್ತಿದ್ದದ್ದು, ಹುಲಿ ಬಂದ ಕಥೆ, ಎಲ್ಲ ಹೊರಬಂತು. ಆ ಕಥೆ ಮೊಮ್ಮಗನಿಗೆ ಗೊತ್ತಾ ಅಂದೆ. ಉತ್ತರ ಬರಲಿಲ್ಲ.

ಟೀಚರಿಗೆ ಕೊಟ್ಟ ಸಲಹೆ ಬೇರೆ. ಗುಂಪಿನಲ್ಲಿ ತಪ್ಪೊಪ್ಪಿಗೆ ಕೇಳುವ ಪ್ರಶ್ನೆ ಬೇಡವೇ ಬೇಡ. ಎರಡು ಸಲ ಬಾರದವರ ಮನೆಗೆ ಹೋಗಿ, ಆದರೆ 'ಯಾಕೆ ಬರಲಿಲ್ಲ' ಅನ್ನಬೇಡಿ, ಮಗು ಹೇಗಿದೆ ಎನ್ನಿ. ಅಜ್ಜಿಯಂದಿರನ್ನೂ ಕರೆಯಿರಿ, ಮಗು ಬಹಳ ಹೊತ್ತು ಇರುವುದು ಅವರ ಬಳಿ. ಸಭೆಗೆ ಹಾಜರಿ ಪುಸ್ತಕ ತರಬೇಡಿ. ಸರ್ಕಾರದ ಸವಲತ್ತಿಗೆ ಸಹಿ ಹಾಕಿಸಿಕೊಳ್ಳುತ್ತಾರೇನೋ ಎಂದು ಕೆಲವರು ಬರುತ್ತಾರೆ, ಇನ್ನು ಕೆಲವರು ಹೆದರಿ ಬರುವುದೇ ಇಲ್ಲ.

ನಾಲ್ಕನೆಯ ಸಭೆ ಸುಲಿಯುವ ಮನೆಯಲ್ಲೇ ಆಯಿತು, ಇಪ್ಪತ್ತು ನಿಮಿಷ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಸದ್ದು ನಿಲ್ಲಲಿಲ್ಲ, ಮಾತೂ ನಿಲ್ಲಲಿಲ್ಲ. ಸುಮಾಳ ಅತ್ತೆ ತಲೆ ಎತ್ತದೆ, "ನಾನೇನು ಕಡಿಮೆ ಹೊಡ್ದಿದೀನಾ" ಅಂದರು. ಗಂಡ ಒಳಗೆ ಬರಲಿಲ್ಲ. ಪಿಕಪ್ಪಿಗೆ ಒರಗಿಕೊಂಡು ಹೊರಗೇ ನಿಂತಿದ್ದ, ಎಂಜಿನ್ ಮಾತ್ರ ಆರಿಸಿದ್ದ.

ಮುಂದಿನದು ಸುಲಿತ ಮುಗಿದ ಮೇಲೆ ಇಡೋಣ ಅಂದೆ. "ಆಗ ಕಾಳುಮೆಣಸಿನ ಕೊಯ್ಲು ಮೇಡಂ" ಅಂದಳು ಸುಮಾ. ದಿನ ಅವಳೇ ಗೊತ್ತು ಮಾಡಿದ್ದಾಳೆ.