ಅಮೆರಿಕದ ಹತ್ತಿ, ಧಾರವಾಡದ ಹತ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅಮೆರಿಕದ ಇತಿಹಾಸದ ಪ್ರಶ್ನೆಗಳೇ ಹೆಚ್ಚು. ಒಂದನ್ನು ಬಿಟ್ಟರೆ ಉಳಿದವೆಲ್ಲ ಸುತ್ತಿ ಬಳಸಿ ದುಡಿಮೆ ಮತ್ತು ಹತ್ತಿಯ ಹತ್ತಿರವೇ ಬಂದು ನಿಲ್ಲುತ್ತವೆ. ಹಾಗಾಗಿ ಕಾಲಾನುಕ್ರಮದಲ್ಲಿ ಜೋಡಿಸಿಕೊಂಡು ಉತ್ತರಿಸುತ್ತಿದ್ದೇನೆ.

ಅಮೆರಿಕಕ್ಕೆ ಹೋದ ಮೊದಲ ಇಂಗ್ಲಿಷರು ಹೋಗುವಾಗಲೇ ಗುಲಾಮರನ್ನು ಕರೆದುಕೊಂಡು ಹೋಗಿದ್ದರೇ?
– ಪದವಿ ವಿದ್ಯಾರ್ಥಿನಿ, ದಾವಣಗೆರೆ

ಇಲ್ಲ. 1607ರ ಮೇ ತಿಂಗಳಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ಇಳಿದವರು ನೂರು ಚಿಲ್ಲರೆ ಗಂಡಸರು ಮತ್ತು ಹುಡುಗರು. ಅವರನ್ನು ಕಳಿಸಿದ್ದು ಲಂಡನ್ನಿನ ಒಂದು ವ್ಯಾಪಾರಿ ಕಂಪನಿ. ಬಂದದ್ದು ಚಿನ್ನ ಹುಡುಕಲು. ಚಿನ್ನ ಹಾಗಿರಲಿ, ಹೊಟ್ಟೆಗೇ ಸಿಗಲಿಲ್ಲ. 1609-10ರ ಚಳಿಗಾಲದ ಹಸಿವು ದಾಟಿ ಬದುಕಿದವರು ಸುಮಾರು ಅರವತ್ತು ಮಂದಿ. ಆ ವಸಾಹತನ್ನು ಕಾಪಾಡಿದ್ದು ಹೊಗೆಸೊಪ್ಪು. ಅದಕ್ಕೆ ಲಂಡನ್ನಿನಲ್ಲಿ ಒಳ್ಳೆಯ ಬೆಲೆ ಸಿಕ್ಕಿತು. ಬೆಲೆ ಸಿಕ್ಕ ಮೇಲೆ ಆಳುಗಳು ಬೇಕಾದರು.

ಮೊದಲು ಬಂದ ಆಳುಗಳು ಬಡ ಇಂಗ್ಲಿಷರೇ. ಹಡಗಿನ ಖರ್ಚು ತೀರಿಸಲು ನಾಲ್ಕರಿಂದ ಏಳು ವರ್ಷ ಜೀತಕ್ಕೆ ಸಹಿ ಹಾಕಿ ಬರುತ್ತಿದ್ದರು. 1619ರ ಆಗಸ್ಟ್‌ನಲ್ಲಿ ಒಂದು ಹಡಗು, ಪೋರ್ಚುಗೀಸರ ಹಡಗಿನಿಂದ ದೋಚಿ ತಂದಿದ್ದ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ದವಸಧಾನ್ಯಕ್ಕೆ ಬದಲಾಗಿ ಇಲ್ಲಿ ಕೊಟ್ಟು ಹೋಯಿತು. ಆಗಿನ್ನೂ ವರ್ಜೀನಿಯಾದಲ್ಲಿ ಗುಲಾಮಗಿರಿಯ ಸ್ಪಷ್ಟ ಕಾನೂನು ಇರಲಿಲ್ಲ. ಕಾನೂನು ಒಂದೊಂದಾಗಿ ಬಂತು. ನನಗೆ ಅವುಗಳಲ್ಲಿ ಅತ್ಯಂತ ಕ್ರೂರವಾಗಿ ಕಾಣುವುದು 1662ರದು: ಹುಟ್ಟಿದ ಮಗು ಸ್ವತಂತ್ರವೋ ಗುಲಾಮವೋ ಎನ್ನುವುದನ್ನು ತಾಯಿಯ ಸ್ಥಿತಿ ನೋಡಿ ತೀರ್ಮಾನಿಸಬೇಕು. ಇಂಗ್ಲೆಂಡಿನ ವಾಡಿಕೆಯಲ್ಲಿ ಮಗು ತಂದೆಯ ಸ್ಥಾನ ಪಡೆಯುತ್ತಿತ್ತು. ಇಲ್ಲಿ ಅದನ್ನು ತಿರುಗಿಸಿದರು. ಒಡೆಯನೇ ತಂದೆಯಾದರೂ ಮಗು ಅವನ ಆಸ್ತಿಯ ಲೆಕ್ಕಕ್ಕೆ ಸೇರಿತು.

ಬಾಸ್ಟನ್ನಿನಲ್ಲಿ ಸಮುದ್ರಕ್ಕೆ ಸುರಿದ ಚಹಾ ನಮ್ಮ ಅಸ್ಸಾಮಿನದೇ?
– ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಅಲ್ಲ, ಚೀನಾದ್ದು. ಬ್ರಿಟಿಷರ ತೆರಿಗೆ ವಿರೋಧಿಸಿ ಅಮೆರಿಕದ ವಸಾಹತಿನ ಜನ 1773ರ ಡಿಸೆಂಬರ್ 16ರ ರಾತ್ರಿ ನೀರಿಗೆಸೆದ 342 ಪೆಟ್ಟಿಗೆಗಳು ಈಸ್ಟ್ ಇಂಡಿಯಾ ಕಂಪನಿಯವು ಎನ್ನುವುದು ನಿಜ. ಆದರೆ ಅಸ್ಸಾಮಿನಲ್ಲಿ ಕಂಪನಿ ಚಹಾ ಬೆಳೆಯಲು ಹೊರಟದ್ದು 1830ರ ದಶಕದಲ್ಲಿ. ಚಹಾದ ಬೆಲೆ ಏರಿದ್ದಕ್ಕೆ ಜನ ಸಿಟ್ಟಾದರು ಎಂದು ಹಲವರು ಹೇಳುವುದೂ ತಪ್ಪು. ಆ ವರ್ಷದ ಕಾಯ್ದೆಯಿಂದ ಚಹಾ ಅಗ್ಗವಾಗುವುದರಲ್ಲಿತ್ತು. ತಮ್ಮ ಪ್ರತಿನಿಧಿಗಳೇ ಇಲ್ಲದ ಬ್ರಿಟಿಷ್ ಸಂಸತ್ತು ತೆರಿಗೆ ಹಾಕಿದ್ದಕ್ಕೆ, ಕಂಪನಿಗೆ ಏಕಸ್ವಾಮ್ಯ ಕೊಟ್ಟದ್ದಕ್ಕೆ ಅವರ ವಿರೋಧ. ಮೈಸೂರಿನವರಾದ ನಿಮಗೆ ಇನ್ನೊಂದು ಮಾತು: 1781ರ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರಿಗೆ ಶರಣಾದ ಬ್ರಿಟಿಷ್ ಸೈನ್ಯದ ಸೇನಾಪತಿ ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವನೂ ಅವನೇ.

ಯಂತ್ರ ಬಂದರೆ ಆಳುಗಳು ಕಡಿಮೆಯಾಗಬೇಕು. ಅಮೆರಿಕದಲ್ಲಿ ಹತ್ತಿ ಬಿಡಿಸುವ ಯಂತ್ರ ಬಂದ ಮೇಲೆ ಗುಲಾಮರ ಸಂಖ್ಯೆ ಏರಿತು ಎಂದು ಮಗನ ಪಠ್ಯದಲ್ಲಿದೆ. ಇದು ಮುದ್ರಣದೋಷವೇ?
– ಗೃಹಿಣಿ, ರಾಣೆಬೆನ್ನೂರು

ಮುದ್ರಣದೋಷವಲ್ಲ ತಾಯಿ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞ. ಇದು ತಿಳಿದರೆ ಆ ದೇಶದ ಮುಂದಿನ ನೂರು ವರ್ಷ ಅರ್ಧ ತಿಳಿದಂತೆ.

ನಾನು ತರಗತಿಯಲ್ಲಿ ಈ ಪಾಠ ಮಾಡುವಾಗ ಹುಡುಗರ ಕೈಗೆ ಒಂದೊಂದು ಒಡೆದ ಹತ್ತಿಕಾಯಿ ಕೊಟ್ಟು ಕಾಳು ಬಿಡಿಸಲು ಹೇಳುತ್ತೇನೆ. ಐದು ನಿಮಿಷದಲ್ಲಿ ಉಗುರು ನೋಯುತ್ತದೆ, ಅರಳೆ ಕಾಳನ್ನು ಬಿಡುವುದೇ ಇಲ್ಲ. ಅಮೆರಿಕದ ಒಳನಾಡಿನಲ್ಲಿ ಬೆಳೆಯುತ್ತಿದ್ದ ಗಿಡ್ಡ ಎಳೆಯ ಹತ್ತಿಯ ಗೋಳೂ ಇದೇ. ಒಬ್ಬ ಆಳು ದಿನವೆಲ್ಲ ಕೂತು ಬಿಡಿಸಿದರೂ ಒಂದು ಪೌಂಡು ಅರಳೆ, ಅಂದರೆ ಅರ್ಧ ಕಿಲೋಕ್ಕೂ ಕಡಿಮೆ. 1793ರಲ್ಲಿ ಜಾರ್ಜಿಯಾದಲ್ಲಿದ್ದ ಈಲೈ ವಿಟ್ನಿ ಎಂಬ ಯುವಕ ಒಂದು ಉರುಳೆಗೆ ತಂತಿಯ ಹಲ್ಲು ಕೂರಿಸಿದ. ಹಲ್ಲು ಅರಳೆಯನ್ನು ಕಿರಿದಾದ ಸೀಳಿನಿಂದ ಎಳೆದುಕೊಳ್ಳುತ್ತದೆ, ಕಾಳು ತೂರಲಾಗದೆ ಹಿಂದೆಯೇ ಬೀಳುತ್ತದೆ, ಆಚೆಗಿರುವ ಬ್ರಷ್ ಹಲ್ಲಿಗಂಟಿದ ಅರಳೆಯನ್ನು ಒರೆಸಿ ತೆಗೆಯುತ್ತದೆ. ಇದೇ ‘ಜಿನ್’ ಯಂತ್ರ. ದಿನಕ್ಕೆ ಐವತ್ತು ಪೌಂಡು ಸಲೀಸು.

ಈಗ ನಿಮ್ಮ ಪ್ರಶ್ನೆ. ಯಂತ್ರ ಸಡಿಲಿಸಿದ್ದು ಒಂದೇ ಒಂದು ಗಂಟನ್ನು. ಉಳುವುದು, ಬಿತ್ತುವುದು, ಕಳೆ ತೆಗೆಯುವುದು, ಎಲ್ಲಕ್ಕಿಂತ ಹೆಚ್ಚಾಗಿ ಕಾಯಿಯಿಂದ ಹತ್ತಿ ಕೀಳುವುದು, ಇವೆಲ್ಲ ಕೈಕೆಲಸವಾಗಿಯೇ ಉಳಿದವು. ಕೀಳುವ ಯಂತ್ರ ಹೊಲಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಜಿನ್ನಿನ ಬಾಯಿಗೆ ಎಷ್ಟು ಹಾಕಿದರೂ ಸಾಲದು, ಇಂಗ್ಲೆಂಡಿನ ಗಿರಣಿಗಳು ಎಷ್ಟು ಕೊಟ್ಟರೂ ಕೊಳ್ಳುತ್ತವೆ. ಹಾಗಾದರೆ ಇನ್ನಷ್ಟು ಹೊಲ, ಇನ್ನಷ್ಟು ಕೈ. 1790ರಲ್ಲಿ ಮೂರು ಸಾವಿರ ಅಂಡಿಗೆಯಷ್ಟಿದ್ದ (ಅಂಡಿಗೆ ಎಂದರೆ ಹತ್ತಿಯ ದೊಡ್ಡ ಮೂಟೆ) ಬೆಳೆ 1860ರಲ್ಲಿ ಸುಮಾರು 40 ಲಕ್ಷ ಅಂಡಿಗೆಗೆ ಏರಿತು. ಅದೇ ಅವಧಿಯಲ್ಲಿ ಗುಲಾಮರ ಸಂಖ್ಯೆ ಸುಮಾರು ಏಳು ಲಕ್ಷದಿಂದ ಸುಮಾರು 40 ಲಕ್ಷವಾಯಿತು. 1808ರಲ್ಲೇ ಹೊರಗಿನಿಂದ ಗುಲಾಮರನ್ನು ತರುವುದು ನಿಷೇಧವಾಗಿತ್ತು ಎನ್ನುವುದು ನೆನಪಿರಲಿ. ಹಾಗಾಗಿ ದೇಶದೊಳಗೇ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯ ಹಳೆಯ ಹೊಗೆಸೊಪ್ಪಿನ ಸೀಮೆಯಿಂದ ಅಲಬಾಮ, ಮಿಸಿಸಿಪ್ಪಿ, ಲೂಸಿಯಾನದ ಹೊಸ ಹತ್ತಿ ಹೊಲಗಳಿಗೆ ಸುಮಾರು ಹತ್ತು ಲಕ್ಷ ಜನರನ್ನು ಸಾಗಿಸಿದರು. ಬಹಳಷ್ಟು ಮಂದಿ ಮಾರಾಟವಾಗಿ ಹೋದವರು. ತಾಯಿ ಒಂದು ಊರಿಗೆ, ಮಗ ಇನ್ನೊಂದು ಊರಿಗೆ.

ಆ ಹೊಲಗಳೇನು ಖಾಲಿ ಬಿದ್ದಿರಲಿಲ್ಲ. 1830ರ ಕಾಯ್ದೆಯಡಿ ಮೂಲನಿವಾಸಿಗಳನ್ನು ಎಬ್ಬಿಸಿದರು. 1838-39ರಲ್ಲಿ ಸುಮಾರು 16,000 ಚೆರೋಕಿ ಜನರನ್ನು ಸೈನ್ಯದ ಕಾವಲಿನಲ್ಲಿ ಮಿಸಿಸಿಪ್ಪಿ ನದಿಯಾಚೆಗೆ ಅಟ್ಟಿದಾಗ ಸುಮಾರು 4,000 ಮಂದಿ ಸತ್ತರು.

ಹೊಲದಲ್ಲಿ ದಿನ ಹೇಗಿತ್ತೆಂದು ಹೇಳಬಲ್ಲವರು ಅಲ್ಲಿ ದುಡಿದವರೇ. ಸಾಲಮನ್ ನಾರ್ಥಪ್ ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ಕಪ್ಪು ಮನುಷ್ಯ. 1841ರಲ್ಲಿ ಅವನನ್ನು ವಾಷಿಂಗ್ಟನ್ನಿನಿಂದ ಅಪಹರಿಸಿ ಲೂಸಿಯಾನಕ್ಕೆ ಮಾರಿದರು. ಹನ್ನೆರಡು ವರ್ಷದ ನಂತರ ಬಿಡುಗಡೆಯಾಗಿ ಬಂದು ಎಲ್ಲವನ್ನೂ ಬರೆದಿಟ್ಟ. ದಿನಕ್ಕೆ 200 ಪೌಂಡು, ಅಂದರೆ 90 ಕಿಲೋ ಹತ್ತಿ ಕೀಳುವುದು ಸಾಮಾನ್ಯ ಲೆಕ್ಕ. ಕತ್ತಲಾದ ಮೇಲೆ ಬುಟ್ಟಿ ಹೊತ್ತು ಜಿನ್ ಮನೆಯ ತಕ್ಕಡಿಯ ಮುಂದೆ ನಿಲ್ಲಬೇಕು. ಎಷ್ಟೇ ದಣಿದಿದ್ದರೂ, ನಿದ್ದೆ ಎಷ್ಟೇ ಎಳೆಯುತ್ತಿದ್ದರೂ ಆ ತಕ್ಕಡಿಯ ಕಡೆ ಹೆಜ್ಜೆ ಇಡುವಾಗ ಎದೆ ನಡುಗದ ದಿನವಿರಲಿಲ್ಲ ಎನ್ನುತ್ತಾನೆ. ತೂಕ ಕಡಿಮೆ ಬಂದರೆ ಚಾಟಿ. ಹತ್ತಿಪ್ಪತ್ತು ಪೌಂಡು ಹೆಚ್ಚು ಬಂದರೆ ನಾಳೆಯಿಂದ ಅದೇ ಹೊಸ ಲೆಕ್ಕ. ಕಡಿಮೆಯೂ ಕೂಡದು, ಹೆಚ್ಚೂ ಕೂಡದು. ನಿಮ್ಮ ಮಗನಿಗೆ ಕೋಷ್ಟಕಕ್ಕಿಂತ ಮೊದಲು ಈ ತಕ್ಕಡಿಯ ಕಥೆ ಹೇಳಿ.

ಉತ್ತರದವರು ಕೈಗಾರಿಕೆ ಕಟ್ಟಿದರು, ದಕ್ಷಿಣದವರು ಗುಲಾಮಗಿರಿ ಇಟ್ಟುಕೊಂಡರು. ಹೀಗೆ ವಿಂಗಡಿಸುವುದು ಸರಿಯೇ?
– ಪ್ರೌಢಶಾಲಾ ಶಿಕ್ಷಕರು, ತಿಪಟೂರು

ಪರೀಕ್ಷೆಗೆ ಅನುಕೂಲ, ಇತಿಹಾಸಕ್ಕೆ ಅನ್ಯಾಯ. ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಎಂಬ ಬಾಸ್ಟನ್ ವ್ಯಾಪಾರಿ ಇಂಗ್ಲೆಂಡಿನ ಗಿರಣಿಗಳನ್ನು ಸುತ್ತಿ, ಮಗ್ಗಗಳ ರಚನೆಯನ್ನು ಮನಸ್ಸಿನಲ್ಲೇ ತುಂಬಿಕೊಂಡು ಬಂದ. 1814ರಲ್ಲಿ ವಾಲ್ತಮ್‌ನಲ್ಲಿ ನೂಲು ತೆಗೆಯುವುದರಿಂದ ಬಟ್ಟೆ ನೇಯುವವರೆಗೆ ಎಲ್ಲವನ್ನೂ ಒಂದೇ ಸೂರಿನಡಿ ತಂದ. ಅವನು ತೀರಿಕೊಂಡ ಮೇಲೆ ಅವನ ಹೆಸರಿನಲ್ಲೇ ಒಂದು ಗಿರಣಿ ಪಟ್ಟಣ ಎದ್ದಿತು. ಹಳ್ಳಿಯ ರೈತರ ಹೆಣ್ಣುಮಕ್ಕಳು ಬಂದು ಕಂಪನಿಯ ವಸತಿಗೃಹದಲ್ಲಿದ್ದು ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ದುಡಿದರು. ಏಳುವುದಕ್ಕೂ ಗಂಟೆ, ಉಣ್ಣುವುದಕ್ಕೂ ಗಂಟೆ. 1834ರಲ್ಲಿ ಕೂಲಿ ಕಡಿತದ ವಿರುದ್ಧ, 1836ರಲ್ಲಿ ವಸತಿಯ ಖರ್ಚು ಏರಿಸಿದ್ದರ ವಿರುದ್ಧ ಕೆಲಸ ಬಿಟ್ಟು ಬೀದಿಗಿಳಿದರು. ಆ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಆದರೆ ಅವರ ಮಗ್ಗಕ್ಕೆ ಬರುತ್ತಿದ್ದ ಅರಳೆ ದಕ್ಷಿಣದ್ದು, ನಾರ್ಥಪ್‌ನಂಥವರು ಕಿತ್ತದ್ದು. ಅಲ್ಲಿಗೇ ಮುಗಿಯಲಿಲ್ಲ. ನ್ಯೂ ಇಂಗ್ಲೆಂಡಿನ ಗಿರಣಿಗಳು ನೇಯುತ್ತಿದ್ದ ಅಗ್ಗದ ದಪ್ಪ ಬಟ್ಟೆಯ ಒಂದು ಭಾಗ ಗುಲಾಮರಿಗೆ ತೊಡಿಸಲು ತೋಟಗಳಿಗೇ ವಾಪಸು ಹೋಗುತ್ತಿತ್ತು. ದಕ್ಷಿಣದಲ್ಲಿ ಆ ಬಟ್ಟೆಗೆ ‘ಲೋವೆಲ್ಸ್’ ಎಂದೇ ಹೆಸರು. ಗುಲಾಮ ಕಿತ್ತ ಹತ್ತಿ ಸಾವಿರ ಮೈಲಿ ಸುತ್ತಿ ಅವನದೇ ಮೈಮೇಲೆ ಒರಟು ಅಂಗಿಯಾಗಿ ಬಂದು ಕೂರುತ್ತಿತ್ತು. ‘ಚಾಟಿಯ ಒಡೆಯರು, ಮಗ್ಗದ ಒಡೆಯರು’ ಕೈಜೋಡಿಸಿದ್ದಾರೆ ಎಂದು ಮ್ಯಾಸಚೂಸೆಟ್ಸ್‌ನ ಗುಲಾಮಗಿರಿ ವಿರೋಧಿ ನಾಯಕ ಚಾರ್ಲ್ಸ್ ಸಮ್ನರ್ 1848ರಲ್ಲೇ ಹೇಳಿದ್ದ. ಲೋವೆಲ್‌ನ ಹೆಣ್ಣುಮಕ್ಕಳಲ್ಲಿ ಕೆಲವರು ಗುಲಾಮಗಿರಿಯ ವಿರುದ್ಧದ ಮನವಿಗಳಿಗೆ ಸಹಿ ಹಾಕಿದ್ದೂ ಉಂಟು. ಅದನ್ನೂ ಮಕ್ಕಳಿಗೆ ಹೇಳಿ.

ಅಂತರ್ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ, ಗುಲಾಮಗಿರಿ ನೆಪ ಮಾತ್ರ ಎಂದು ವಿಡಿಯೋ ಒಂದರಲ್ಲಿ ಕೇಳಿದೆ.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ದೇಶದಿಂದ ಬೇರ್ಪಟ್ಟ ದಕ್ಷಿಣದ ರಾಜ್ಯಗಳು ಏನು ಹೇಳಿದವೋ ಅದನ್ನೇ ಓದೋಣ. 1861ರ ಜನವರಿಯಲ್ಲಿ ಮಿಸಿಸಿಪ್ಪಿ ಹೊರಡಿಸಿದ ಘೋಷಣೆ, ತನ್ನ ನಿಲುವು ಗುಲಾಮಗಿರಿಯ ಜೊತೆಗೇ ಪೂರ್ತಿ ಬೆಸೆದುಕೊಂಡಿದೆ ಎಂದು ಆರಂಭದಲ್ಲೇ ಸಾರುತ್ತದೆ. ಬೇರ್ಪಟ್ಟ ರಾಜ್ಯಗಳು ಕಟ್ಟಿಕೊಂಡ ಒಕ್ಕೂಟದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಅದೇ ಮಾರ್ಚ್‌ನಲ್ಲಿ, ಕಪ್ಪು ಜನ ಬಿಳಿಯರಿಗೆ ಸಮಾನರಲ್ಲ ಎನ್ನುವುದೇ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಎಂದ. ಇನ್ನು ರಾಜ್ಯಗಳ ಹಕ್ಕು: ಓಡಿಹೋದ ಗುಲಾಮರನ್ನು ಹಿಡಿದುಕೊಡಬೇಕೆಂಬ 1850ರ ಕೇಂದ್ರ ಕಾಯ್ದೆಯನ್ನು ಉತ್ತರದ ರಾಜ್ಯಗಳ ಮೇಲೆ ಹೇರಿದಾಗ ಆ ಹಕ್ಕನ್ನು ಗೌರವಿಸಲು ದಕ್ಷಿಣ ಸಿದ್ಧವಿರಲಿಲ್ಲ.

ಅಮೆರಿಕದಾಗ ಯುದ್ಧ ಆದಾಗ ನಮ್ಮ ಕಡೆ ಹತ್ತಿಗೆ ಬಂಗಾರದ ಬೆಲೆ ಬಂದಿತ್ತಂತ ನಮ್ಮ ಮನಿ ಹಿರಿಯರು ಹೇಳತಿದ್ರು. ಖರೇನ್ರಿ?
– ರೈತರು, ಗದಗ

ಖರೆ. 1861ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದ ಕೂಡಲೇ ಲಿಂಕನ್ ಸರ್ಕಾರ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಬ್ರಿಟನ್ನಿನ ಗಿರಣಿಗಳಿಗೆ ಹತ್ತಿಯ ಮುಕ್ಕಾಲು ಪಾಲು ಅಲ್ಲಿಂದಲೇ ಬರುತ್ತಿತ್ತು. ಲ್ಯಾಂಕಾಶೈರ್‌ನಲ್ಲಿ ಗಿರಣಿಗಳು ನಿಂತು ಕೂಲಿಗಳ ಮನೆಯ ಒಲೆ ಆರಿತು, ಲಿವರ್‌ಪೂಲ್‌ನಲ್ಲಿ ಹತ್ತಿಯ ಬೆಲೆ ಮೂರು ಪಟ್ಟು ಮೀರಿತು, ಎಲ್ಲರ ಕಣ್ಣು ಭಾರತದ ಮೇಲೆ ಬಿತ್ತು.

ನಿಮ್ಮ ಎರೆಭೂಮಿಗೆ ಅಮೆರಿಕದ ನಂಟು ಅದಕ್ಕೂ ಮೊದಲೇ ಇತ್ತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ತೋಟಗಾರರನ್ನೇ ಕರೆಸಿ ಅಲ್ಲಿನ ಬೀಜದ ಪ್ರಯೋಗ ಮಾಡಿಸಿತ್ತು. ಹಲವೆಡೆ ಸೋತ ಆ ಬೀಜ ಧಾರವಾಡ ಸೀಮೆಯಲ್ಲಿ ನೆಲೆ ಹಿಡಿಯಿತು. ಜವಾರಿ ಹತ್ತಿಯ ಪಕ್ಕದಲ್ಲಿ ಅದು ‘ವಿಲಾಯ್ತಿ ಹತ್ತಿ’, ಮಾರುಕಟ್ಟೆಯಲ್ಲಿ ‘ಧಾರವಾಡ-ಅಮೆರಿಕನ್’. ಜವಾರಿ ಹತ್ತಿಯನ್ನು ಚಪ್ಪಟೆ ಕಲ್ಲಿನ ಮೇಲಿಟ್ಟು ಕಬ್ಬಿಣದ ಸರಳನ್ನು ಅಂಗಾಲಿನಿಂದ ಉರುಳಿಸಿ ಬಿಡಿಸುತ್ತಿದ್ದರು. ವಿಲಾಯ್ತಿ ಹತ್ತಿಗೆ ಅದು ಒಗ್ಗಲಿಲ್ಲ. ಹಾಗಾಗಿ ವಿಟ್ನಿ ಮಾದರಿಯ ಹಲ್ಲಿನ ಜಿನ್ನುಗಳೂ ಧಾರವಾಡಕ್ಕೆ ಬಂದವು.

ಆಗ ನಿಮ್ಮ ಕಡೆ ರೈಲು ಇರಲಿಲ್ಲ. ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟೆ ಬಂದರಿಗೆ ಹೋಗಿ ಅಲ್ಲಿಂದ ಬೊಂಬಾಯಿಗೆ ಹಡಗೇರುತ್ತಿತ್ತು. ಜವಾರಿ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರೇ ನಿಂತಿತು. ಬೆಲೆ ಏರಿದಾಗ ತೂಕ ಹೆಚ್ಚಿಸಲು ಕಾಳು, ಕಸ ಬೆರೆಸುವವರೂ ಹುಟ್ಟಿಕೊಂಡರು. ಅದನ್ನು ತಡೆಯಲು ಬೊಂಬಾಯಿ ಸರ್ಕಾರ 1863ರಲ್ಲಿ ಕಾನೂನು ತಂದಿತು. 1865ರ ಏಪ್ರಿಲ್‌ನಲ್ಲಿ ದಕ್ಷಿಣದ ಮುಖ್ಯ ಸೈನ್ಯ ಶರಣಾದ ಸುದ್ದಿ ಬಂದದ್ದೇ ತಡ, ಬೆಲೆ ಕುಸಿಯಿತು. ಬೊಂಬಾಯಿಯಲ್ಲಿ ಹತ್ತಿಯ ಹಣದಿಂದ ಉಬ್ಬಿದ್ದ ಷೇರುಪೇಟೆ ಬಿದ್ದು ಸಾಹುಕಾರರು ದಿವಾಳಿಯಾದರು.

ನಿಮ್ಮ ಹಿರಿಯರು ಹೇಳಿರಲಾರದ ಇನ್ನೊಂದು ಸಂಗತಿ ಇದೆ. ಧಾರವಾಡದ ಹತ್ತಿಗೆ ಹತ್ತಿರದ ಒಳ್ಳೆಯ ಬಂದರು ಬೇಕೆಂದು ಮ್ಯಾಂಚೆಸ್ಟರ್‌ನ ಗಿರಣಿ ಮಾಲೀಕರು ಪಟ್ಟು ಹಿಡಿದಿದ್ದರು. ಅವರ ಕಣ್ಣು ಕಾರವಾರ-ಸದಾಶಿವಗಡದ ಮೇಲಿತ್ತು. ಹತ್ತಿ ಬೆಳೆಯುವ ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿ, ಬಂದರು ಮದ್ರಾಸ್ ಪ್ರಾಂತ್ಯದಲ್ಲಿ. ಹಾಗಾಗಿ 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿಗೆ ಸೇರಿಸಿದರು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಯುದ್ಧ ಮುಗಿದು ಹತ್ತಿಯ ಭರಾಟೆ ಇಳಿದರೂ ಆ ಗೆರೆ ಅಳಿಯಲಿಲ್ಲ. ಎರಡೂ ಜಿಲ್ಲೆಗಳು ಮತ್ತೆ ಒಂದೇ ಆಡಳಿತದಡಿ ಬಂದದ್ದು 1956ರ ನವೆಂಬರ್ 1ರಂದು.